ಎಲ್ಲಿ ನಿಲ್ಲಿಸಿದಿರಿ? ಹೊಲಿಗೆ ಅಂಗಡಿಯಲ್ಲಿ ನಾನು ಬರೆದುಕೊಂಡ ಓದುಗರ ಮಾತು

ಕಲಬುರಗಿಯ ಶಹಾಬಜಾರಿನಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ. ಎರಡು ಮಷೀನು, ಒಂದು ಕಟಿಂಗ್ ಟೇಬಲ್, ಗೋಡೆಗೆ ಒಂದು ಕಪಾಟು. ಕಪಾಟಿನ ಮೇಲಿನ ಖಾನೆಗಳಲ್ಲಿ ಅಸ್ತರ್ ಬಟ್ಟೆ, ಫಾಲ್. ಕೆಳಗಿನ ಎರಡು ಖಾನೆಗಳಲ್ಲಿ ಪುಸ್ತಕ. ಬ್ಲೌಸ್ ಒಯ್ಯಲು ಬಂದವರು ಪುಸ್ತಕವನ್ನೂ ಒಯ್ಯುತ್ತಾರೆ. ದುಡ್ಡು ಇಲ್ಲ, ಡಿಪಾಸಿಟ್ ಇಲ್ಲ. ವಾಪಸ್ ತರುವಾಗ ನಾಲ್ಕು ಮಾತು ಹೇಳಬೇಕು, ಅಷ್ಟೇ. ಆ ಮಾತನ್ನು ನಾನು ಅಳತೆ ಪುಸ್ತಕದಲ್ಲಿ ಬರೆದಿಡುತ್ತೇನೆ. ಎಡಗಡೆ ಹಾಳೆಯಲ್ಲಿ ಎದೆ, ಸೊಂಟ, ತೋಳಿನ ಅಳತೆ. ಬಲಗಡೆ ಹಾಳೆಯಲ್ಲಿ ಓದಿದವರ ಮಾತು. ಈಗ ಮೂರನೇ ಅಳತೆ ಪುಸ್ತಕ ನಡೆದಿದೆ.

ಇದು ಶುರುವಾದದ್ದು 2020ರಲ್ಲಿ. ಆ ವರ್ಷ ಫೆಬ್ರವರಿ 5ರಿಂದ 7ರವರೆಗೆ ನಮ್ಮೂರಿನ ವಿಶ್ವವಿದ್ಯಾಲಯದ ಆವರಣದಲ್ಲಿ 85ನೇ ಸಾಹಿತ್ಯ ಸಮ್ಮೇಳನ ನಡೆಯಿತು. ಎರಡು ದಿನ ಅಂಗಡಿ ಮುಚ್ಚಿ ಹೋಗಿದ್ದೆ. ವೇದಿಕೆಯ ಹತ್ತಿರ ಕೂತದ್ದು ಕಡಿಮೆ, ಪುಸ್ತಕದ ಮಳಿಗೆಗಳಲ್ಲಿ ತಿರುಗಿದ್ದೇ ಜಾಸ್ತಿ. 14 ಪುಸ್ತಕ ತಂದೆ. ಕಾದಂಬರಿಯೂ ಇತ್ತು, ವಿಜ್ಞಾನವೂ ಇತ್ತು, ಬಾಣಂತನದ ಪುಸ್ತಕವೂ ಇತ್ತು. ಮನೆಯಲ್ಲಿ ಇಡಲು ಜಾಗ ಸಾಲದೆ ಅಂಗಡಿಗೆ ತಂದೆ. ಕಾಯುತ್ತಾ ಕೂತವರು ಸುಮ್ನೆ ಕೈಗೆತ್ತಿಕೊಂಡರು. ಕೆಲವರು ಕೇಳಿ ಒಯ್ದರು.

ಮಾರ್ಚ್ ಬಂತು. ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯಲ್ಲೇ ಆಯಿತು. ಆ ದಿನಗಳ ಹೆದರಿಕೆ ಇಲ್ಲಿಯವರಿಗೆ ಚೆನ್ನಾಗಿ ಗೊತ್ತು. ಸೂಪರ್ ಮಾರ್ಕೆಟ್ ಅನ್ನುವ ನಮ್ಮೂರ ಪೇಟೆ ಮಟಮಟ ಮಧ್ಯಾಹ್ನ ಖಾಲಿ ಬಿದ್ದಿತ್ತು. ನನ್ನ ಅಂಗಡಿಗೂ ಬೀಗ. ಪುಸ್ತಕಗಳು ಒಯ್ದವರ ಮನೆಯಲ್ಲೇ ಉಳಿದವು. ಬೇರೆ ಕೆಲಸವಿಲ್ಲದೆ ಜನ ಅವನ್ನು ನಿಜಕ್ಕೂ ಓದಿದರು.

ಮತ್ತೆ ಅಂಗಡಿ ತೆರೆದಾಗ ಪುಸ್ತಕಗಳು ಒಂದೊಂದಾಗಿ ವಾಪಸ್ ಬಂದವು. "ಹೆಂಗಿತ್ತು?" ಅಂತ ಕೇಳುತ್ತಿದ್ದೆ. "ಚಲೋ ಅದ ರೀ" ಅನ್ನುತ್ತಿದ್ದರು. ಹತ್ತು ಜನರನ್ನು ಕೇಳಿದರೂ ಅದೇ. ಓದದೇ ತಂದವರೂ ಚಲೋ ಅದ ಅನ್ನುತ್ತಿದ್ದರು, ರಾತ್ರಿಯೆಲ್ಲ ಅತ್ತು ಓದಿದವರೂ ಅದನ್ನೇ ಅನ್ನುತ್ತಿದ್ದರು. ತಪ್ಪು ಅವರದ್ದಲ್ಲ. ನಮ್ಮ ಕಡೆ ಕೊಟ್ಟ ವಸ್ತುವಿಗೆ ಹೆಸರಿಡಬಾರದು, ಅಂದರೆ ತಪ್ಪು ಹುಡುಕಬಾರದು, ಅದು ಮರ್ಯಾದೆ. ನನ್ನ ಪ್ರಶ್ನೆಯೇ ಸರಿ ಇರಲಿಲ್ಲ.

ಪ್ರಶ್ನೆ ಸಿಕ್ಕಿದ್ದು ಒಬ್ಬ ಆಯಿಯಿಂದ. ವಯಸ್ಸು ಎಪ್ಪತ್ತು ದಾಟಿತ್ತು. ನಾಲ್ಕನೇ ಇಯತ್ತೆವರೆಗೆ ಓದಿದವರು. ದಿನಾ ಮಧ್ಯಾಹ್ನ ಅಕ್ಷರದ ಮೇಲೆ ಬೆರಳಿಟ್ಟು ಓದುತ್ತಿದ್ದರು. ಭೈರಪ್ಪನವರ 'ಗೃಹಭಂಗ' ಒಯ್ದಿದ್ದರು. ವಾಪಸ್ ತಂದಾಗ ಅದರೊಳಗೆ ಬಾಚಣಿಗೆಯ ಮುರಿದ ತುಂಡು ಗುರುತಿಗೆ ಇತ್ತು. "ಆಯಿ, ಇಲ್ಲಿ ಯಾಕ ನಿಲ್ಲಿಸೀರಿ?" ಅಂತ ಕೇಳಿದೆ. ಅವರು ಮಷೀನಿನ ಪಕ್ಕದ ಸ್ಟೂಲಿನ ಮೇಲೆ ಕೂತು ಅರ್ಧ ತಾಸು ಮಾತಾಡಿದರು.

ಊರಿಗೆ ಪ್ಲೇಗ್ ಬಂದು ಜನ ಊರು ಬಿಟ್ಟು ಹೊರಗೆ ಗುಡಿಸಲು ಹಾಕುವ ಭಾಗದಲ್ಲಿ ಆಯಿ ನಿಂತುಬಿಟ್ಟಿದ್ದರು. ಕಾದಂಬರಿಯ ನಾಯಕಿ ನಂಜಮ್ಮನ ಮಕ್ಕಳು ಜ್ವರ ಬಂದು ಮಲಗುತ್ತಾರೆ. ಆಯಿಯ ಮನೆಯ ಹೊರಗೂ ಆಗ ಅದೇ ಹೆದರಿಕೆ. "ಮನಿ ಒಳಗೂ ಅದೇ, ಪುಸ್ತಕದಾಗೂ ಅದೇ. ಮುಂದ ಓದ್ಲಿಕ್ಕೆ ಕೈ ಬರಲಿಲ್ಲ ಯವ್ವಾ" ಅಂದರು. ಆಮೇಲೆ ನಂಜಮ್ಮನ ಗಂಡನ ಕಡೆ ಮಾತು ಹೊರಳಿತು. ಶಾನುಭೋಗಿಕೆ ಅವನ ಹೆಸರಲ್ಲಿ, ಲೆಕ್ಕ ಬರೆಯುವವಳು ಅವಳು. "ಅಂಥ ಗಂಡ ನನಗೂ ಇದ್ದ" ಅಂತ ಶುರು ಮಾಡಿ ತಮ್ಮ ಸಂಸಾರದ ಕಥೆ ಹೇಳಿದರು.

ಅವತ್ತಿನಿಂದ ನಾನು ಹೆಂಗಿತ್ತು ಅಂತ ಕೇಳುವುದನ್ನು ಬಿಟ್ಟೆ. ಎಲ್ಲಿ ನಿಲ್ಲಿಸಿದಿರಿ, ಯಾಕೆ ನಿಲ್ಲಿಸಿದಿರಿ ಅಂತ ಕೇಳುತ್ತೇನೆ. ಪೂರ್ತಿ ಓದಿದವರೂ ಎಲ್ಲೋ ಒಂದು ಕಡೆ ಪುಸ್ತಕ ಮಡಚಿ ಇಟ್ಟಿರುತ್ತಾರೆ. ನಿದ್ದೆಗೆ ನಿಲ್ಲಿಸಿದರೋ, ಬೇಸರಕ್ಕೋ, ಸಿಟ್ಟಿಗೋ, ಹೆದರಿಕೆಗೋ ಅನ್ನುವುದರಲ್ಲಿ ಅವರ ಅಭಿಪ್ರಾಯ ಇರುತ್ತದೆ.

ಆಯಿಯ ವಿಷಯದಲ್ಲಿ ನನ್ನಿಂದ ದೊಡ್ಡ ತಪ್ಪು ಆಯಿತು. ಅವರು ಹೇಳಿದ್ದನ್ನೆಲ್ಲ ಹೆಸರು ಹಾಕಿ ಬರೆದು, ಹಾಳೆ ತೆರೆದೇ ಇಟ್ಟು, ಕಾಜಾ ಮಾಡಲು ಒಳಗೆ ಹೋದೆ. ಗಿರಾಕಿಯೊಬ್ಬರು ಓದಿದರು. ಸಂಜೆಗೆ ಗಲ್ಲಿಯಲ್ಲೆಲ್ಲ ಮಾತಾಯಿತು. ಸತ್ತ ಗಂಡನ ಬಗ್ಗೆ ಅಂಗಡಿಯಲ್ಲಿ ಕೂತು ಹಿಂಗೆ ಅಂದಳಂತೆ ಅಂತ. ಆಯಿ ಬರುವುದನ್ನು ನಿಲ್ಲಿಸಿದರು. ಮನೆಗೆ ಹೋಗಿ ಕೈ ಮುಗಿದೆ. ಬೈಯಲಿಲ್ಲ. ಚಹಾ ಮಾಡಿ ಕೊಟ್ಟರು, ಮಾತು ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಹಾಳೆಯನ್ನು ಹರಿದು ಆಯಿಯ ಕೈಗೇ ಕೊಟ್ಟು ಬಂದೆ. ಈಗ ಬಲಗಡೆ ಹಾಳೆಯಲ್ಲಿ ಯಾರ ಹೆಸರೂ ಇಲ್ಲ, ಎಡಗಡೆಯ ಅಳತೆಗೂ ಅದಕ್ಕೂ ಸಂಬಂಧ ಇಲ್ಲ. ನನ್ನ ಹತ್ತಿರ ಚಿಂದಿ ಚೀಲ ಇದೆ, ಕಟಿಂಗ್‌ನಲ್ಲಿ ಉಳಿದ ತುಂಡುಗಳು. ಓದಿದವರು ಅದರಿಂದ ತಮಗೆ ಬೇಕಾದ ಬಣ್ಣದ ತುಂಡು ಆರಿಸಿ ಕೊಡುತ್ತಾರೆ. ಬೆರಳುಗುರಿನಷ್ಟು ಕತ್ತರಿಸಿ ಅವರ ಮಾತಿನ ಪಕ್ಕ ಅಂಟಿಸುತ್ತೇನೆ. ಮುಂದೆ ಯಾವಾಗಲೋ ಬಂದರೆ ತಮ್ಮ ಮಾತು ಯಾವುದು ಅಂತ ಅವರಿಗೆ ಗೊತ್ತಾಗುತ್ತದೆ. ಬೇರೆಯವರಿಗೆ ಅದು ಬರೀ ಬಟ್ಟೆಯ ತುಂಡು. ಹಸಿರು ಇಳಕಲ್ ಅಂಚಿನ ತುಂಡಿಗೆ ಜಾಸ್ತಿ ಬೇಡಿಕೆ.

ಇನ್ನೊಂದು ಪಾಠ ಕಲಿಸಿದ್ದು ಗೀತಾ ನಾಗಭೂಷಣ ಅವರ 'ಬದುಕು'. ಅವರು ನಮ್ಮ ಜಿಲ್ಲೆಯ ಸಾವಳಗಿಯವರು. ಈ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2010ರಲ್ಲಿ ಗದಗದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. ಅವರು ತೀರಿಕೊಂಡದ್ದೂ ಅದೇ 2020ರ ಜೂನ್‌ನಲ್ಲಿ. ದಪ್ಪ ಪುಸ್ತಕ, ಒಬ್ಬರು ಒಯ್ದರೆ ತಿಂಗಳುಗಟ್ಟಲೆ ವಾಪಸ್ ಬರುವುದಿಲ್ಲ. ಡಿಗ್ರಿ ಓದುವ ಹುಡುಗಿಯೊಬ್ಬಳು ಓದಿ ತಂದು ಹೇಳಿದಳು. ನಾನು ಅದನ್ನು ತಿದ್ದಿ "ಪ್ರಾದೇಶಿಕ ಭಾಷೆಯ ಬಳಕೆ ಮನಸ್ಸಿಗೆ ಹಿಡಿಸಿತು" ಅಂತ ಬರೆದೆ. ಅವಳು ಇಣುಕಿ ನೋಡಿದಳು. "ಅಕ್ಕಾ, ನಾ ಹಿಂಗ ಎಲ್ಲಿ ಹೇಳೀನಿ? ನಮ್ಮವ್ವ ಮಾತಾಡೋದು ಪುಸ್ತಕದಾಗ ಅಚ್ಚಾಗ್ಯದ, ನೋಡಿ ಅಳು ಬಂತು ಅಂತ ಹೇಳೀನಿ."

ಖರೇ ಮಾತು. ನಮ್ಮ ಮಾತನ್ನು ಹಾಗೇ ಅಚ್ಚು ಹಾಕಿಸಿದವರ ಪುಸ್ತಕದ ಬಗ್ಗೆ ನಾನೇ ಮಾತನ್ನು ಇಸ್ತ್ರಿ ಮಾಡಿ ಬರೆಯುತ್ತಿದ್ದೆ. ಆಮೇಲೆ ಯಾರ ಮಾತನ್ನೂ ತಿದ್ದಿಲ್ಲ. ಉರ್ದು ಬೆರೆತರೆ ಬೆರೆತ ಹಾಗೆಯೇ. ಅದೇ ಪುಸ್ತಕಕ್ಕೆ ಇನ್ನೊಬ್ಬರು ಹೇಳಿದ ಮಾತೂ ಅದರ ಕೆಳಗೇ ಇದೆ: "ಬೈಗಳ ಭಾಳ ಅವ. ಮಕ್ಕಳ ಕೈಗೆ ಸಿಗದಂಗ ಅಟ್ಟದ ಮ್ಯಾಲ ಇಟ್ಟು ಓದೀನಿ." ಅಟ್ಟಕ್ಕೆ ಹತ್ತಿ ಇಳಿದು ಪೂರ್ತಿ ಓದಿದ್ದಾರೆ ಅಲ್ವಾ, ನನಗೆ ಅದು ದೊಡ್ಡ ಮಾತು.

ಎಲ್ಲ ಪುಸ್ತಕಕ್ಕೂ ಇಷ್ಟು ಮಾತು ಸಿಗುವುದಿಲ್ಲ. ವಿವೇಕ ಶಾನಭಾಗರ 'ಘಾಚರ್ ಘೋಚರ್' ಸಣ್ಣದು, ಜನ ಒಂದೇ ದಿನದಲ್ಲಿ ಮುಗಿಸುತ್ತಾರೆ. ಎಲ್ಲರೂ ನಿಲ್ಲುವುದು ಕೊನೆಯ ಪುಟದಲ್ಲೇ. ಕಥೆ ಹೇಳುವವನ ಹೆಂಡತಿ ಅನಿತಾಳಿಗೆ ಏನಾಯಿತು ಅಂತ ನನ್ನನ್ನು ಕೇಳುತ್ತಾರೆ. ನಿಮಗೆ ಏನನಿಸಿತು ಅಂತ ನಾನು ಕೇಳುತ್ತೇನೆ. ಸೊಸೆಯಾಗಿ ಬಂದವರಿಗೆ ಒಂದು ಉತ್ತರ ಗೊತ್ತು, ಅತ್ತೆಯರಿಗೆ ಇನ್ನೊಂದು. ತೇಜಸ್ವಿಯವರ 'ಕರ್ವಾಲೋ' ಮಕ್ಕಳಿಗೆ ಇಷ್ಟ. ವಿಜ್ಞಾನಿ ಕರ್ವಾಲೋ ಹಳ್ಳಿಯ ಮಂದಣ್ಣನ ಜೊತೆ ಹಾರುವ ಓತಿ ಹುಡುಕುವ ಕಥೆ. ಹಾರುವ ಓತಿ ಕೊನೆಗೂ ಕೈಗೆ ಸಿಗಲಿಲ್ಲ ಅಂತ ಒಬ್ಬ ಹುಡುಗ ಬೇಜಾರು ಮಾಡಿಕೊಂಡ. ಅವನ ತಾಯಿ ಹೇಳಿದ್ದು ಬೇರೆ: "ಅಷ್ಟು ಓದಿದ ಸಾಹೇಬ್ರು ಮಂದಣ್ಣನ ಮಾತು ನಂಬ್ತಾರಲ್ಲ, ಅಲ್ಲಿ ನಿಂತೆ ನಾ." ಅವರು ನಾಲ್ಕು ಮನೆಯಲ್ಲಿ ಕೆಲಸ ಮಾಡುತ್ತಾರೆ.

ಕಥೆ ಅಲ್ಲದ ಪುಸ್ತಕ ಹೆಣ್ಣುಮಕ್ಕಳು ಓದುವುದಿಲ್ಲ ಅಂತ ನನಗೆ ಕೆಲವರು ಹೇಳಿದ್ದರು. ಅದು ಸುಳ್ಳು. ಡಾಕ್ಟರ್ ಆಗಿದ್ದ ಅನುಪಮಾ ನಿರಂಜನ ಅವರ 'ತಾಯಿ ಮಗು' ನನ್ನ ಕಪಾಟಿನಲ್ಲಿ ಅತಿ ಹೆಚ್ಚು ಸವೆದ ಪುಸ್ತಕ. ಅದನ್ನು ಯಾರೂ ಮೊದಲಿಂದ ಕೊನೆತನಕ ಓದುವುದಿಲ್ಲ. ಬಸುರಿಗೆ ಎಷ್ಟನೇ ತಿಂಗಳೋ ಅಷ್ಟು ಓದುತ್ತಾರೆ. "ಡಾಕ್ಟರ್ ಮುಂದ ಕೇಳ್ಲಿಕ್ಕೆ ನಾಚಿಕಿ ಆಗ್ತಿತ್ತು, ಇದರಾಗ ಓದೀನಿ" ಅಂತ ಒಬ್ಬಳು ಬರೆಸಿದ್ದಾಳೆ. ಹಳೆಯ ಪುಸ್ತಕ, ಔಷಧದ ಮಾತಿಗೆ ಡಾಕ್ಟರನ್ನೇ ಕೇಳಿ ಅಂತ ಕೊಡುವಾಗಲೇ ಹೇಳುತ್ತೇನೆ.

ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಹಲವರು ಒಯ್ದು ಎರಡೇ ದಿನಕ್ಕೆ ತಂದರು. ಅದರಲ್ಲಿರುವುದು ಮಲೆನಾಡಿನ ಗಿಡಮರ, ಲೇಖಕರೇ ಬರೆದ ಚಿತ್ರಗಳು. ಆಳಂದ ತಾಲೂಕಿನ ರೈತರೊಬ್ಬರು, ನನ್ನ ಗಿರಾಕಿಯ ಮಾವ, ಅದನ್ನು ಮೂರು ತಿಂಗಳು ಇಟ್ಟುಕೊಂಡರು. ಅಭಿಪ್ರಾಯ ಕೇಳಿದರೆ ಒಂದು ಚೀಟಿ ಕೊಟ್ಟರು. ತಮ್ಮ ಹೊಲದ ಬದುವಿನ ಮೇಲೆ ಇರುವ ಗಿಡಗಳ ಪಟ್ಟಿ. ಬೇವು, ಜಾಲಿ, ಹುಣಸೆ, ಬನ್ನಿ, ಬಾರಿ, ಹೀಗೆ. ಎರಡು ಗಿಡಕ್ಕೆ ಪೆನ್ಸಿಲ್ಲಿನಲ್ಲಿ ಚಿತ್ರವೂ ಇತ್ತು. ಚೀಟಿಯನ್ನು ಹಾಗೇ ಅಂಟಿಸಿದ್ದೇನೆ.

ಅವರಿಗೇ ಆಮೇಲೆ ಪತ್ರಕರ್ತ ಪಿ. ಸಾಯಿನಾಥ್ ಅವರ ಪುಸ್ತಕ ಕೊಟ್ಟೆ. ಜಿ.ಎನ್. ಮೋಹನ್ ಅದನ್ನು 'ಬರ ಅಂದ್ರೆ ಎಲ್ಲರಿಗೂ ಇಷ್ಟ' ಅಂತ ಕನ್ನಡಕ್ಕೆ ತಂದಿದ್ದಾರೆ. ಒಡಿಶಾದ ಕಡೆ ಸರ್ಕಾರ ಜೆರ್ಸಿ ತಳಿ ಮಾಡಲು ಹೊರಟು ಊರ ಹೋರಿಗಳ ಬೀಜ ಒಡೆಸಿದ ಕಥೆ ಅದರಲ್ಲಿದೆ. ಎರಡು ಕೋಟಿ ರೂಪಾಯಿ ಖರ್ಚಾಗಿ ಹುಟ್ಟಿದ್ದು ಎಂಟು ಕರು. ಅಲ್ಲಿನ ಗಟ್ಟಿ ನಾಟಿ ತಳಿ ಕೈಬಿಟ್ಟು ಹೋಯಿತು. ರೈತ ಕಾಕಾ ಅಲ್ಲಿ ನಿಲ್ಲಿಸಿದ್ದರು. "ಈ ಹೋರಿ ಕಥಿ ನಮ್ಮ ಮನ್ಯಾಗ ಎಲ್ಲರಿಗೂ ಓದಿ ಹೇಳೀನಿ. ತೊಗರಿ ಬೀಜಕ್ಕೂ ಹಿಂಗೇ ಆಗಬಾರದು ನೋಡವ್ವ" ಅಂದರು. ಮನೆಯ ಹಳೆಯ ತೊಗರಿ ಬೀಜವನ್ನು ಅವರು ಬೇವಿನ ಎಲೆ ಹಾಕಿ ಬೇರೆ ಎತ್ತಿಟ್ಟಿದ್ದಾರಂತೆ. ಮುಂದಿನ ಪುಟ ಓದಲು ಅವರಿಗೆ ಅವಸರವೇ ಇರಲಿಲ್ಲ. ಇಂಥ ಓದನ್ನು ನೋಡಿದಾಗ ನನಗೆ ಹೊಲಿಗೆ ನಿಲ್ಲಿಸಿ ಸುಮ್ನೆ ಕೂರಬೇಕು ಅನಿಸುತ್ತದೆ.

ಹೀಗೆ ಓದುಗರ ಮಾತು ಬರೆದಿಡಲು ಶುರು ಮಾಡುವವರಿಗೆ ನನ್ನ ಕಡೆಯಿಂದ ಹೇಳುವುದು ಇಷ್ಟು. ಜನ ಹೇಳುವಾಗ ಪೆನ್ನು ಹಿಡಿಯಬೇಡಿ. ಪೆನ್ನು ಕಂಡರೆ ಅವರ ಮಾತು ಭಾಷಣ ಆಗುತ್ತದೆ. ನಾನು ಕೈಯಲ್ಲಿ ಸೂಜಿ ಹಿಡಿದಿರುತ್ತೇನೆ. ಹೆಮ್ ಹಾಕುತ್ತಾ ಕೇಳುತ್ತೇನೆ, ಅವರು ಹೋದ ತಕ್ಷಣ ಬರೆಯುತ್ತೇನೆ. ಮುಂದಿನ ಸಲ ಬಂದಾಗ ಓದಿ ತೋರಿಸುತ್ತೇನೆ. ಬೇಡ ಅಂದದ್ದನ್ನು ಅವರ ಎದುರೇ ಹೊಡೆದು ಹಾಕುತ್ತೇನೆ. ಶರಣಬಸವೇಶ್ವರರ ಜಾತ್ರೆ ಮುಂದೆ, ಮದುವೆ ದಿನಗಳಲ್ಲಿ ಇದಕ್ಕೆ ಸಮಯ ಸಿಗುವುದಿಲ್ಲ. ಆಗ ಪುಸ್ತಕ ಮಾತ್ರ ಕೊಡುತ್ತೇನೆ, ಕೇಳುವುದನ್ನು ಮುಂದಕ್ಕೆ ಹಾಕುತ್ತೇನೆ.

ಆಯಿ ಮತ್ತೆ ಬಂದದ್ದು ಒಂದು ವರ್ಷದ ಮೇಲೆ, ಪಂಚಮಿ ಹಿಂದಿನ ವಾರ. ಕುಬಸದ ಬಟ್ಟೆ ಟೇಬಲ್ ಮೇಲೆ ಇಟ್ಟರು. "ಆ ಸಣ್ಣ ಹುಡುಗ ಉಳೀತಾನೇನು?" ಅಂತ ಕೇಳಿದರು. ನನಗೆ ಮೊದಲು ತಿಳಿಯಲಿಲ್ಲ. ಆಮೇಲೆ ಹೊಳೆಯಿತು, ನಂಜಮ್ಮನ ಮಗ ವಿಶ್ವ. ಉಳಿಯುತ್ತಾನೆ ಅಂದೆ. ಪುಸ್ತಕ ಕೇಳಿ ಒಯ್ದರು. ಬಾಚಣಿಗೆಯ ತುಂಡು ಒಳಗೇ ಇತ್ತು.

ಹದಿನೈದು ದಿನಕ್ಕೆ ತಂದರು. ಈ ಸಲ ಎಲ್ಲಿ ನಿಲ್ಲಿಸಿದಿರಿ ಅಂತ ನಾನು ಕೇಳಬೇಕಾಗಲಿಲ್ಲ. "ಆ ಮಾದೇವಯ್ಯ ಹುಡುಗನ ಕೈ ಹಿಡದು ಕರಕೊಂಡು ಹೋಗ್ತಾನ. ತಾಯಿ ಕಡೆಯವನಲ್ಲ, ತಂದಿ ಕಡೆಯವನಲ್ಲ. ಭಿಕ್ಷೆ ಬೇಡೋ ಅಯ್ಯ. ಅಲ್ಲಿಗೆ ಬಂದು ಪುಸ್ತಕ ಮುಚ್ಚಿ ಎದಿ ಮ್ಯಾಲ ಇಟ್ಕೊಂಡು ಮಲಗೀನಿ." ಹೇಳಿ ಮುಗಿಸಿ ಚಿಂದಿ ಚೀಲಕ್ಕೆ ಕೈ ಹಾಕಿದರು. ತುಂಬಾ ಹೊತ್ತು ಹುಡುಕಿ ಒಂದು ಬಿಳಿ ಖಾದಿ ತುಂಡು ತೆಗೆದರು. "ಇದು ಹಚ್ಚು. ಈಗ ಬರಿ, ನಾ ಇಲ್ಲೇ ಕೂಡ್ತೀನಿ" ಅಂದರು.