ಮುಗಿದ ಪ್ರಾಜೆಕ್ಟನ್ನೇ ಮತ್ತೆ ನಡೆಸಿ ಪ್ಲ್ಯಾನಿಂಗ್ ಕಲಿಸಿದೆ: ನನ್ನ ಅನುಭವ

ಪ್ಲ್ಯಾನಿಂಗ್ ತರಬೇತಿ ಅಂದರೆ ಸಾಮಾನ್ಯವಾಗಿ ಏನು ನಡೆಯುತ್ತದೆ ಅಂತ ನಿಮಗೇ ಗೊತ್ತು. ಪ್ರಿಮಾವೆರಾ ಅನ್ನುವ ಶೆಡ್ಯೂಲ್ ಸಾಫ್ಟ್‌ವೇರ್ ತೆರೆಯುತ್ತಾರೆ, ಡಬ್ಲ್ಯುಬಿಎಸ್ (ಇಡೀ ಕೆಲಸವನ್ನು ಭಾಗ ಭಾಗವಾಗಿ ಒಡೆದ ಪಟ್ಟಿ) ಕಟ್ಟಿಸುತ್ತಾರೆ, ಯಾವುದರ ನಂತರ ಯಾವುದು ಅಂತ ಲಿಂಕ್ ಹಾಕಿಸುತ್ತಾರೆ, ತಾರೀಖುಗಳ ಲೆಕ್ಕ ಹಾಕುವ ಎಫ್9 ಒತ್ತಿಸುತ್ತಾರೆ. ಚೆಂದದ ಬಾರ್ ಚಾರ್ಟ್ ಬರುತ್ತದೆ, ಕೋರ್ಸ್ ಮುಗಿಯುತ್ತದೆ. ಆದರೆ ಈ ಕೆಲಸದ ನಿಜವಾದ ಕಷ್ಟ ಶುರುವಾಗುವುದು ಬೇಸ್‌ಲೈನ್, ಅಂದರೆ ಮೂಲ ಯೋಜನೆ, ಒಪ್ಪಿಗೆಯಾದ ಮೇಲೆ. ಡೇಟಾ ಡೇಟನ್ನು (ಪ್ರಗತಿಯನ್ನು ಎಲ್ಲಿಯವರೆಗೆ ದಾಖಲಿಸಿದೆಯೋ ಆ ತಾರೀಖು) ಒಂದು ತಿಂಗಳು ಮುಂದಕ್ಕೆ ತಳ್ಳಿದ ಕೂಡಲೇ ಕಲಿತವರ ಕೈ ನಿಂತುಬಿಡುತ್ತಿತ್ತು. ನಾನು ವರ್ಷಗಟ್ಟಲೆ ನೋಡಿದ್ದು ಇದನ್ನೇ.

ಹಾಗಾಗಿ ನಾನು ಮಾಡಿದ್ದು ಇಷ್ಟು. ಮುಗಿದುಹೋದ ಒಂದು ಕಟ್ಟಡದ ಪ್ರಾಜೆಕ್ಟ್ ತೆಗೆದುಕೊಂಡೆ. ಬೇಸ್‌ಲೈನ್ ಕೊಟ್ಟೆ. ನಂತರದ ಪ್ರಗತಿಯನ್ನು ಒಂದೊಂದು ತಿಂಗಳಾಗಿ ಮುಚ್ಚಿದ ಕವರಿನಲ್ಲಿಟ್ಟೆ. ಮುಂದಿನ ಕವರ್ ಒಡೆಯುವ ಮೊದಲು ಪ್ರತಿಯೊಬ್ಬರೂ ಎರಡು ಸಂಖ್ಯೆ ಬರೆದು ಸಹಿ ಹಾಕಬೇಕು: ಕೆಲಸ ಯಾವಾಗ ಮುಗಿಯುತ್ತದೆ, ಒಟ್ಟು ಎಷ್ಟು ಖರ್ಚಾಗುತ್ತದೆ. ಮುಂದಿನ ಕವರ್ ಬಂದಾಗ ಉತ್ತರ ತಾನಾಗಿಯೇ ಸಿಗುತ್ತದೆ. ನಾನು ವಾದ ಮಾಡುವ ಅಗತ್ಯವೇ ಇಲ್ಲ.

ಜೊತೆಯವರು ಬಹಳ ಜನ ಬೇಡ ಅಂದರು. 'ಮುಗಿದ ಕಥೆ ಯಾರಿಗೆ ಬೇಕು' ಅಂದರು. 'ಪರೀಕ್ಷೆ ಪಾಸಾಗಲು ಇದರಿಂದ ಏನು ಉಪಯೋಗ' ಅಂದರು. ದುಡ್ಡು ಕೊಡುವವರಿಗೂ ಇದು ಹಿಡಿಸಲಿಲ್ಲ. ಹಳೆಯ ಕೋರ್ಸಿನಲ್ಲಿ ಖರ್ಚಿನ ಅರ್ಧದಷ್ಟು ಲೈಸೆನ್ಸ್ ಮತ್ತು ಲ್ಯಾಬ್‌ಗೇ ಹೋಗುತ್ತಿತ್ತು, ಅದು ಎಲ್ಲರಿಗೂ ಸಹಜ ಅನಿಸಿತ್ತು. ನಾನು ಅದರಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಡೇಟಾ ಸರಿಮಾಡುವ ಕೆಲಸಕ್ಕೆ ಕೇಳಿದಾಗ ಹುಬ್ಬೇರಿಸಿದರು. ಕಡೆಗೆ ಲೈಸೆನ್ಸ್ ಸೀಟು ಕಡಿಮೆ ಮಾಡಿದೆ. ಇಬ್ಬರಿಗೆ ಒಂದು ಸೀಟು, ಮೊದಲ ವಾರ ಪೂರ್ತಿ ಕಾಗದದ ಮೇಲೆ ಫಾರ್ವರ್ಡ್ ಪಾಸ್, ಬ್ಯಾಕ್‌ವರ್ಡ್ ಪಾಸ್ (ಪ್ರತಿ ಕೆಲಸ ಎಷ್ಟು ಬೇಗ, ಎಷ್ಟು ತಡವಾಗಿ ನಡೆಯಬಹುದು ಅನ್ನುವ ಲೆಕ್ಕ). ಲೆಕ್ಕ ಸರಿಹೋಯಿತು.

ಮೊದಲ ಬ್ಯಾಚ್ ನಿಂತೇ ಹೋಯಿತು. ಮೂಲ ಶೆಡ್ಯೂಲಿನಲ್ಲಿ 1800ರ ಹತ್ತಿರ ಆಕ್ಟಿವಿಟಿ (ಶೆಡ್ಯೂಲಿನ ಒಂದೊಂದು ಕೆಲಸದ ಸಾಲು) ಇದ್ದವು, ಒಂದು ಅಪ್‌ಡೇಟ್‌ಗೇ ದಿನಗಳು ಹಿಡಿಯುತ್ತಿದ್ದವು. ಆಮೇಲೆ ಅದನ್ನು 140ರ ಆಸುಪಾಸಿಗೆ ಇಳಿಸಿದೆ. ಇಳಿಸುವಾಗ ಕ್ರಿಟಿಕಲ್ ಪಾತ್ (ತಡವಾದರೆ ಇಡೀ ಪ್ರಾಜೆಕ್ಟೇ ತಡವಾಗುವ ಕೆಲಸಗಳ ಸರಪಳಿ), ಅದರ ಹತ್ತಿರ ಓಡುವ ಸರಪಳಿಗಳು ಮತ್ತು ಖರೀದಿಯ ಸಾಲುಗಳನ್ನು ಮುಟ್ಟಬಾರದು. ಫ್ಲೋಟ್ (ಪ್ರಾಜೆಕ್ಟ್ ತಡವಾಗದಂತೆ ಆ ಕೆಲಸ ಮುಂದಕ್ಕೆ ಹೋಗಬಹುದಾದ ದಿನಗಳು) ಜಾಸ್ತಿ ಇರುವ ಕಡೆ ಮಾತ್ರ ಒಟ್ಟುಗೂಡಿಸಬೇಕು. ಇನ್ನೊಂದು ವಿಷಯ. ಹಳೆಯ ಫೈಲಿನಲ್ಲಿ ಬಹುತೇಕ ಎಲ್ಲ ಆಕ್ಚುಯಲ್ ಫಿನಿಶ್ (ಕೆಲಸ ನಿಜವಾಗಿ ಮುಗಿದ) ತಾರೀಖುಗಳೂ ತಿಂಗಳ ಕೊನೆಯ ದಿನವೇ ಇದ್ದವು. ಅಂದರೆ ಯಾರೋ ರಿಪೋರ್ಟ್ ದಿನ ಕೂತು ಒಟ್ಟಿಗೆ ತುಂಬಿದ್ದಾರೆ. ಕಾಂಕ್ರೀಟ್ ರಿಜಿಸ್ಟರ್ ಮತ್ತು ದಿನದ ವರದಿ ಹಿಡಿದು ಒಂದೊಂದನ್ನೂ ತಿದ್ದಿದೆ. ದುಡ್ಡು ಮತ್ತು ಸಮಯ ಹೆಚ್ಚು ತಿಂದಿದ್ದು ಈ ಕೆಲಸ, ಆದರೆ ಇದಿಲ್ಲದೆ ಉಳಿದಿದ್ದೆಲ್ಲ ಸುಳ್ಳಾಗುತ್ತದೆ.

ಮೂರನೇ ಕವರಿನಲ್ಲೇ ಮಜಾ ಶುರು. ಬ್ಲಾಕ್ ಗೋಡೆ ಕೆಲಸ ಇನ್ನೂ 12 ದಿನ ಬಾಕಿ ಇದೆ, ಆದರೆ ಪ್ಲಾಸ್ಟರ್ ಆಗಲೇ ಶುರುವಾಗಿದೆ, ಅದರಲ್ಲಿ 10 ದಿನ ಬಾಕಿ. ನಡುವೆ ಫಿನಿಶ್ ಟು ಸ್ಟಾರ್ಟ್ ಲಿಂಕ್, ಅಂದರೆ ಗೋಡೆ ಮುಗಿದ ಮೇಲೆಯೇ ಪ್ಲಾಸ್ಟರ್. ರಿಟೈನ್ಡ್ ಲಾಜಿಕ್ (ಲಿಂಕನ್ನು ಪಾಲಿಸುವ ಸೆಟ್ಟಿಂಗ್) ಇಟ್ಟವರಿಗೆ ಪ್ಲಾಸ್ಟರ್ ಮುಗಿಯಲು 22 ದಿನ. ಪ್ರೋಗ್ರೆಸ್ ಓವರ್‌ರೈಡ್ (ಶುರುವಾದ ಕೆಲಸಕ್ಕೆ ಲಿಂಕನ್ನು ಬಿಟ್ಟುಬಿಡುವ ಸೆಟ್ಟಿಂಗ್) ಇಟ್ಟವರಿಗೆ 10 ದಿನ, ಅಂದರೆ ಗೋಡೆ ಏಳುವ ಮೊದಲೇ ಪ್ಲಾಸ್ಟರ್ ಮುಗಿದಿರುತ್ತದೆ! ಒಂದೇ ಡೇಟಾ, ಒಂದೇ ಸಾಫ್ಟ್‌ವೇರ್, ಒಂದು ಸೆಟ್ಟಿಂಗ್‌ಗೆ 12 ದಿನದ ವ್ಯತ್ಯಾಸ. ಕೋಣೆಯಲ್ಲಿ ದೊಡ್ಡ ಗಲಾಟೆ. ಕೊನೆಗೆ ಇಬ್ಬರು ಎದ್ದು, ಸೈಟ್‌ನಲ್ಲಿ ಮಹಡಿ ಮಹಡಿಯಾಗಿ ಕೆಲಸ ನಡೆಯುತ್ತದೆ, ಲಿಂಕೇ ಸರಿಯಿಲ್ಲ, ಆಕ್ಟಿವಿಟಿಯನ್ನು ಮಹಡಿಗೊಂದರಂತೆ ಒಡೆಯಬೇಕು ಅಂದರು. ಈ ಮಾತು ಅವರ ಬಾಯಿಂದಲೇ ಬರಲಿ ಅಂತ ನಾನು ಕಾದಿದ್ದೆ.

ಖರ್ಚಿನ ಕಡೆ ಐದನೇ ಕವರ್ ನನಗೆ ತುಂಬಾ ಇಷ್ಟ. ಬಜೆಟ್ 100 ಅಂದುಕೊಳ್ಳಿ. ಆ ತಿಂಗಳಿಗೆ ಅರ್ನ್ಡ್ ವ್ಯಾಲ್ಯೂ (ಆಗಿರುವ ಕೆಲಸದ ಬಜೆಟ್ ಬೆಲೆ) 30, ಅಕೌಂಟ್ಸ್ ಕೊಟ್ಟ ಖರ್ಚು 25. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸಿಪಿಐ, ಅಂದರೆ ಖರ್ಚಿನ ಸೂಚ್ಯಂಕ, 1.2. ಎಲ್ಲರೂ ಖುಷಿಯಿಂದ ಒಟ್ಟು ಖರ್ಚು 83 ಅಂತ ಸಹಿ ಹಾಕಿದರು. ಆದರೆ 9ರಷ್ಟು ಕಬ್ಬಿಣ ಸೈಟಿಗೆ ಬಂದು, ಕಟ್ಟಿ, ಕಾಂಕ್ರೀಟಿನೊಳಗೆ ಸೇರಿಯೂ ಆಗಿತ್ತು. ಬಿಲ್ ಮಾತ್ರ ಬಂದಿರಲಿಲ್ಲ. ಅದನ್ನು ಸೇರಿಸಿದರೆ ಖರ್ಚು 34, ಸಿಪಿಐ 0.88, ಕೊನೆಯ ಅಂದಾಜು 113. ಗೋದಾಮಿನ ರಸೀದಿಗಳು ಅದೇ ಕವರಿನಲ್ಲಿದ್ದವು, ಯಾರೂ ತೆರೆದು ನೋಡಿರಲಿಲ್ಲ. ಮುಂದಿನ ತಿಂಗಳಿಂದ ಎಲ್ಲರೂ ಮೊದಲು ಹುಡುಕುವುದು ರಸೀದಿಯನ್ನೇ. ಅಕ್ರೂಯಲ್ (ಬಿಲ್ ಬರುವ ಮೊದಲೇ ಖರ್ಚನ್ನು ಲೆಕ್ಕಕ್ಕೆ ಹಿಡಿಯುವುದು) ಬಗ್ಗೆ ನಾನು ಹಿಂದೆ ಎಷ್ಟೋ ಸ್ಲೈಡ್ ತೋರಿಸಿದ್ದೆ, ಒಬ್ಬರ ತಲೆಗೂ ಹೋಗಿರಲಿಲ್ಲ.

ನಡುವೆ ಸುಮ್ನೆ ಕೆಲವು ಪ್ರಯೋಗ ಮಾಡಿದೆ. ಒಂದು ಬ್ಯಾಚಿನಲ್ಲಿ ಪ್ಲ್ಯಾನಿಂಗ್‌ನವರನ್ನು ಖರ್ಚಿಗೆ, ಖರ್ಚಿನವರನ್ನು ಪ್ಲ್ಯಾನಿಂಗ್‌ಗೆ ಕೂರಿಸಿದೆ. ಎರಡು ವಾರ ಜಗಳ, ಆಮೇಲೆ ಡಬ್ಲ್ಯುಬಿಎಸ್ ಮತ್ತು ಕಾಸ್ಟ್ ಕೋಡ್ (ಖರ್ಚನ್ನು ವಿಂಗಡಿಸುವ ಸಂಕೇತ) ಎರಡೂ ಒಂದೇ ರೀತಿ ಇರಬೇಕು ಅಂತ ಅವರೇ ಹಟ ಹಿಡಿದರು. ಇನ್ನೊಂದರಲ್ಲಿ ಎಸ್‌ಪಿಐ (ಆಗಿರುವ ಕೆಲಸ ಭಾಗ ಆಗಬೇಕಿದ್ದ ಕೆಲಸ) ಮಾತ್ರ ನೋಡಿ ಮುಗಿಯುವ ತಾರೀಖು ಹೇಳಲು ಬಿಟ್ಟೆ. ಕೆಲಸ ಎಷ್ಟೇ ತಡವಾದರೂ ಕೊನೆಗೆ ಎಸ್‌ಪಿಐ 1ಕ್ಕೇ ಬಂದು ನಿಲ್ಲುತ್ತದೆ ಅಲ್ವಾ, ಕೊನೆಯ ತಿಂಗಳುಗಳಲ್ಲಿ ಎಲ್ಲರ ಅಂದಾಜೂ ಹಾಳಾಯಿತು. ಆಗ ಅರ್ನ್ಡ್ ಶೆಡ್ಯೂಲ್, ಅಂದರೆ ಪ್ರಗತಿಯನ್ನು ದುಡ್ಡಿನ ಬದಲು ಸಮಯದಲ್ಲಿ ಅಳೆಯುವ ಲೆಕ್ಕ, ಹಾಕಿಸಿದೆ. 8ನೇ ತಿಂಗಳಲ್ಲಿ ನಿಂತು ನೋಡಿದರೆ, ಆಗಿರುವ ಕೆಲಸ ಯೋಜನೆಯ ಆರೂವರೆ ತಿಂಗಳಿನಷ್ಟು. 6.5 ಭಾಗ 8, ಅಂದರೆ 0.81. ಮೂಲ ಅವಧಿ 14 ತಿಂಗಳು, ಅದನ್ನು 0.81ರಿಂದ ಭಾಗಿಸಿದರೆ 17 ದಾಟುತ್ತದೆ. ನಿಜದಲ್ಲಿ ಆ ಕೆಲಸ ಮುಗಿದಿದ್ದು 18ನೇ ತಿಂಗಳಲ್ಲಿ. ಇಷ್ಟು ಹತ್ತಿರ ಬಂದಿದ್ದು ನೋಡಿ ಅನುಮಾನ ಪಟ್ಟವರೂ ಹಾಳೆ ತೆಗೆದು ಲೆಕ್ಕ ಬರೆದುಕೊಂಡರು.

ಶೆಡ್ಯೂಲಿನ ಗುಣಮಟ್ಟ ನೋಡುವ ಡಿಸಿಎಂಎ (ಅಮೆರಿಕದ ರಕ್ಷಣಾ ಗುತ್ತಿಗೆ ನಿರ್ವಹಣಾ ಸಂಸ್ಥೆ) 14 ಪಾಯಿಂಟ್ ಪರೀಕ್ಷೆಯನ್ನೂ ಹಾಕಿಸುತ್ತೇನೆ, ಆದರೆ ಬೇಗ ಮುಗಿಸುತ್ತೇನೆ. 44 ದಿನಕ್ಕಿಂತ ಜಾಸ್ತಿ ಫ್ಲೋಟ್ ಇರುವ ಸಾಲುಗಳನ್ನು ಹಿಡಿದು ಹೊರಟರೆ, ಹೆಚ್ಚಿನ ಸಲ ಅಲ್ಲಿ ಒಂದು ಲಿಂಕ್ ಕಾಣೆಯಾಗಿರುತ್ತದೆ. ಅಷ್ಟು ತಿಳಿದರೆ ಸಾಕು.

ಫಲಿತಾಂಶ ಹೇಳಲೇಬೇಕು. ಮೊದಲು ತಿಂಗಳ ಅಪ್‌ಡೇಟನ್ನು ಯಾರ ಸಹಾಯವೂ ಇಲ್ಲದೆ ಮಾಡುವವರು ಹತ್ತರಲ್ಲಿ ಇಬ್ಬರೋ ಮೂವರೋ. ಈಗ ಏಳೆಂಟು ಜನ. ಪರೀಕ್ಷೆ ಪಾಸಾಗುವವರೂ ಕಡಿಮೆಯಾಗಿಲ್ಲ, ಸ್ವಲ್ಪ ಹೆಚ್ಚೇ ಆಗಿದ್ದಾರೆ. ಹಿಂದೆ ಬೇಡ ಅಂದವರಲ್ಲಿ ಇಬ್ಬರು ನನ್ನ ಕವರುಗಳನ್ನು ಕೇಳಿಕೊಂಡು ಬಂದರು. ಕೊಟ್ಟೆ. ಆದರೆ ಯಾವ ತಿಂಗಳಲ್ಲಿ ಏನನ್ನು ಬಚ್ಚಿಡುತ್ತೇನೆ, 9ನೇ ಕವರಿನಲ್ಲಿ ಕ್ಲೇಮಿನ (ಹೆಚ್ಚುವರಿ ಸಮಯ ಅಥವಾ ದುಡ್ಡಿನ ಬೇಡಿಕೆಯ) ಪತ್ರ ಹೇಗೆ ಸೇರಿಸುತ್ತೇನೆ ಅನ್ನುವುದನ್ನು ಇಲ್ಲೂ ಹೇಳುವುದಿಲ್ಲ. ಮುಂದಿನ ಬ್ಯಾಚಿನವರೂ ಇದನ್ನು ಓದುತ್ತಾರೆ.

ಈಗ ಇದೇ ರೀತಿಯಲ್ಲಿ ಒಂದು ಪ್ಲಾಂಟ್ ಶಟ್‌ಡೌನ್ ಡೇಟಾ ಸಿದ್ಧ ಮಾಡುತ್ತಿದ್ದೇನೆ. ಅಲ್ಲಿ ಅವಧಿಯೆಲ್ಲ ಗಂಟೆಗಳಲ್ಲಿ, ಅಪ್‌ಡೇಟ್ ಪ್ರತಿ ಪಾಳಿಗೆ. ಕವರುಗಳ ಸಂಖ್ಯೆ ಮೂರು ಪಟ್ಟಾದರೂ ಆಗಬಹುದು. ಮ್ಯಾನ್‌ಹೋಲ್ ತೆರೆದ ಮೇಲೆ ಕಾಣಿಸುವ ಹೆಚ್ಚುವರಿ ಕೆಲಸವನ್ನು ಯಾವ ಪಾಳಿಯಲ್ಲಿ ಬಿಡಬೇಕು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.