ಮಾಡ್ಯುಲರ್ ಮನೆ ಅಂದರೆ ನಂಬುವ ಮುಂಚೆ ಲೇಬಲ್ ನೋಡಿ

ಅಮೆರಿಕದಲ್ಲಿ ಮನೆ ಹುಡುಕುತ್ತಿರುವವರಿಗೆ: ಜಾಹೀರಾತಿನಲ್ಲಿ ‘ಮಾಡ್ಯುಲರ್’ ಅಂತಿದ್ದರೆ ಮೊದಲು ಹೊರಗೋಡೆಯ ತುದಿಗಳನ್ನು, ಅದರಲ್ಲೂ ಕೆಳಭಾಗವನ್ನು ನೋಡಿ. ಕೆಂಪು ಲೋಹದ ಪುಟ್ಟ ಪಟ್ಟಿ ಹೊಡೆದಿದ್ದರೆ ಅದು ಮಾಡ್ಯುಲರ್ ಅಲ್ಲ, ಮ್ಯಾನುಫ್ಯಾಕ್ಚರ್ಡ್ ಮನೆ. ಎರಡೂ ಫ್ಯಾಕ್ಟರಿಯಲ್ಲೇ ತಯಾರಾಗುತ್ತವೆ. ಆದರೆ ಮಾಡ್ಯುಲರ್ ಮನೆ ಆಯಾ ರಾಜ್ಯ, ಊರಿನ ಮಾಮೂಲಿ ಕಟ್ಟಡ ನಿಯಮಕ್ಕೆ ಒಳಪಟ್ಟಿದ್ದು, ಇನ್ನೊಂದು ಕೇಂದ್ರ ಸರ್ಕಾರದ ವಸತಿ ಇಲಾಖೆಯ (ಹಡ್, HUD) ನಿಯಮಕ್ಕೆ. ಸಾಲ, ಮರುಮಾರಾಟ, ಆ ಜಾಗದಲ್ಲಿ ಕೂರಿಸಲು ಅನುಮತಿ ಎಲ್ಲಕ್ಕೂ ಈ ವ್ಯತ್ಯಾಸ ತಟ್ಟುತ್ತೆ. ಮಾಡ್ಯುಲರ್ ಲೇಬಲ್ ಸಾಮಾನ್ಯವಾಗಿ ಒಳಗಿರುತ್ತೆ, ಅಡುಗೆಮನೆ ಸಿಂಕ್ ಕೆಳಗೋ ಎಲೆಕ್ಟ್ರಿಕ್ ಪ್ಯಾನೆಲ್ ಹತ್ತಿರವೋ. (ಹಡ್ ಮನೆಯೊಳಗೂ ಒಂದು ಕಾಗದದ ಡೇಟಾ ಪ್ಲೇಟ್ ಅಂಟಿಸಿರುತ್ತಾರೆ, ಹಾಗಾಗಿ ಓದಿಯೇ ನೋಡಿ.) ಕೆಂಪು ಪಟ್ಟಿ ಇಲ್ಲ ಅಂದಮಾತ್ರಕ್ಕೆ ಮಾಡ್ಯುಲರ್ ಅಂದುಕೊಳ್ಳಬೇಡಿ: ಹಡ್ ನಿಯಮ ಜಾರಿಗೆ ಬಂದ 1976ರ ಜೂನ್ 15ಕ್ಕಿಂತ ಹಿಂದಿನ ಮೊಬೈಲ್ ಹೋಮ್‌ಗಳಿಗೆ (ಮ್ಯಾನುಫ್ಯಾಕ್ಚರ್ಡ್ ಮನೆಗಳ ಹಳೆಯ ರೂಪ) ಅದಿಲ್ಲ, ಹೊರಗೋಡೆಗೆ ಹೊಸ ಹೊದಿಕೆ (ಸೈಡಿಂಗ್) ಹಾಕುವಾಗ ಮುಚ್ಚಿಹೋಗಿರಲೂಬಹುದು.