ಕೌಂಟ್ ಏರಿದಾಗ ಕೆಮ್ಮಿನಲ್ಲಿ ರಕ್ತ

ನಮ್ಮ ಟ್ರಾನ್ಸ್‌ಪ್ಲಾಂಟ್ ವಾರ್ಡಿನಲ್ಲಿ ಬೆಳಗಾಗುವುದೇ "ಇವತ್ತು ಕೌಂಟ್ ಎಷ್ಟು ಬಂತು ಡಾಕ್ಟ್ರೇ?" ಎಂಬ ಪ್ರಶ್ನೆಯಿಂದ. ಕೌಂಟ್ ಅಂದರೆ ಇಲ್ಲಿ ನ್ಯೂಟ್ರೋಫಿಲ್, ಸೋಂಕಿನ ಮೇಲೆ ಬೀಳುವ ಬಿಳಿ ರಕ್ತಕಣ. ಸತತ ಮೂರು ದಿನ 500ಕ್ಕೆ ಕಡಿಮೆಯಿಲ್ಲದೆ ನಿಂತರೆ ಕಸಿ ಹಿಡಿಯಿತು ಎಂದು ಲೆಕ್ಕ. ಅಲ್ಲಿಯವರೆಗೆ ತುಳಸಿ ಕುಂಡ ಬೇಡ, ಅಜ್ಜಿ ಮುಡಿದ ಮಲ್ಲಿಗೆಯೂ ಬಾಗಿಲ ಹೊರಗೇ.

ನಾನಿನ್ನೂ ಹೊಸಬ. ರಕ್ತದ ಕ್ಯಾನ್ಸರ್ ಇದ್ದ ಒಬ್ಬರಿಗೆ ಅಣ್ಣನ ಸ್ಟೆಮ್ ಸೆಲ್ ಕೊಟ್ಟಿದ್ದೆವು. ಒಂಬತ್ತನೇ ದಿನ ಬಂದ ಜ್ವರ ಆಂಟಿಬಯಾಟಿಕ್‌ಗೆ ಜಗ್ಗಲಿಲ್ಲ. ಸಿಟಿ ಸ್ಕ್ಯಾನಿನಲ್ಲಿ ಬಲ ಶ್ವಾಸಕೋಶದಲ್ಲೊಂದು ಗಂಟು, ಸುತ್ತ ಮಂಜು ಕವಿದಂಥ ಬಳೆ. ಫಂಗಸ್ ಸುಳಿವು ಹಿಡಿಯುವ ಗ್ಯಾಲಕ್ಟೋಮನ್ನನ್ ಪರೀಕ್ಷೆ ಪಾಸಿಟಿವ್. ಆಸ್ಪರ್ಜಿಲಸ್ ಎಂಬ ಫಂಗಸ್.

ಇದರ ಬೀಜಕಣಗಳನ್ನು ನಾವೆಲ್ಲ ದಿನಾ ಉಸಿರಾಡುತ್ತೇವೆ. ಬರೀ 2–3 ಮೈಕ್ರಾನ್ ಗಾತ್ರ. ಶ್ವಾಸಕೋಶದ ಮ್ಯಾಕ್ರೋಫೇಜ್ ಎಂಬ ಕಾವಲು ಕಣಗಳು ಅವನ್ನು ನುಂಗಿಹಾಕುತ್ತವೆ. ತಪ್ಪಿಸಿಕೊಂಡದ್ದು ಮೊಳೆತು ಎಳೆಯಾಯಿತೋ, ನುಂಗುವ ಮಾತಿಲ್ಲ. ಆಗ ನ್ಯೂಟ್ರೋಫಿಲ್‌ಗಳು ಮುತ್ತಿಕೊಂಡು ಉಗ್ರ ಆಕ್ಸಿಜನ್ ರೂಪಗಳಿಂದ ಅದನ್ನು ಸುಡಬೇಕು. ಕೆಲವು ಸ್ವಂತ ಡಿಎನ್‌ಎಯನ್ನೇ ಬಲೆಯಾಗಿ ಬೀಸುತ್ತವೆ. ನಮ್ಮ ರೋಗಿಯ ಸ್ಲೈಡಿನಲ್ಲಿ ಅವು ಒಂದೂ ಇರಲಿಲ್ಲ. ಫಂಗಸ್ ಔಷಧಿ ವೊರಿಕೊನಜೋಲ್ ಶುರು ಮಾಡಿ ಕಾದೆವು.

ಹದಿನೇಳನೇ ದಿನ, ಮೈಕ್ರೋಸ್ಕೋಪಿನಡಿ ನಾಲ್ಕೈದು ಮಾನೋಸೈಟ್‌ಗಳ (ಇನ್ನೊಂದು ಬಗೆಯ ಬಿಳಿಕಣ) ನಡುವೆ ಎರಡು ನ್ಯೂಟ್ರೋಫಿಲ್ ಕಂಡವು, ಮೂರು ಎಸಳಿನ ಕೇಂದ್ರ ಸಮೇತ. ಎರಡೇ ದಿನಕ್ಕೆ 620. ಜ್ವರ ಇಳಿಯಿತು. ಮಾರನೇ ಬೆಳಿಗ್ಗೆ ಅವರು ಕೆಮ್ಮಿ ತೋರಿಸಿದ ಟಿಶ್ಯೂನಲ್ಲಿ ರಕ್ತ. ಸಿಟಿಯಲ್ಲಿ ಗಂಟು ಮೊದಲಿಗಿಂತ ದೊಡ್ಡದು.

ಔಷಧಿ ಸೋತಿತು ಎಂದುಕೊಂಡು ಇನ್ನೊಂದು ಫಂಗಸ್ ಔಷಧಿ ಆಂಫೋಟೆರಿಸಿನ್ ಬರೆದೇಬಿಟ್ಟೆ. ಹಿರಿಯರು ಚೀಟಿ ಹೊಡೆದುಹಾಕಿದರು. "ಫಿಲ್ಮ್ ಪಕ್ಕಕ್ಕಿಡು, ಮನುಷ್ಯನನ್ನು ನೋಡು. ಊಟ ಮಾಡ್ತಿದ್ದಾನೆ." ಚಿಕಿತ್ಸೆ ಫಲಿಸುತ್ತಿದ್ದರೂ ಮೊದಲ ವಾರ ಗಂಟು ಬೆಳೆಯುವುದುಂಟು. ಮರಳಿದ ನ್ಯೂಟ್ರೋಫಿಲ್‌ಗಳು ಸತ್ತ ಭಾಗವನ್ನು ಕತ್ತರಿಸಿ ಬೇರೆ ಮಾಡುವಾಗ ಒಳಗೆ ಬಿದಿಗೆ ಚಂದ್ರನಂತೆ ಗಾಳಿಯ ತುಣುಕು ಕಾಣುತ್ತದೆ. ಒಳ್ಳೆಯ ಸೂಚನೆಯೇ, ಆದರೆ ಪಕ್ಕದಲ್ಲಿ ದೊಡ್ಡ ರಕ್ತನಾಳವಿದ್ದರೆ ಇದೇ ಗಂಡಾಂತರದ ಹೊತ್ತು. ಹಾಗಾಗಿ ಪ್ಲೇಟ್ಲೆಟ್ ಕೊಡುತ್ತಾ, ಸರ್ಜನ್ನರಿಗೆ ಹೇಳಿಟ್ಟು, ರಕ್ತದಲ್ಲಿ ವೊರಿಕೊನಜೋಲ್ ಮಟ್ಟ ನೋಡಿಕೊಂಡು ಅದನ್ನೇ ಮುಂದುವರಿಸಿದೆವು. ಐದನೇ ದಿನಕ್ಕೆ ರಕ್ತ ನಿಂತಿತು.

ಎರಡು ತಿಂಗಳ ಮೇಲೆ ಅವರಿಗೆ ಜಿವಿಎಚ್‌ಡಿ (ಕಸಿಯಾದ ಕಣಗಳೇ ರೋಗಿಯ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ) ಬಂದು ಸ್ಟೆರಾಯ್ಡ್ ಶುರುವಾಯಿತು. ಕೌಂಟ್ 4000. ಆದರೆ ಸ್ಟೆರಾಯ್ಡ್ ಇದ್ದಾಗ ತಲೆ ಎಣಿಸಿ ಉಪಯೋಗವಿಲ್ಲ, ಆ ಕಣಗಳ ಕಸುವೇ ಕುಗ್ಗಿರುತ್ತದೆ. "ಕೌಂಟ್ ಚೆನ್ನಾಗಿದೆಯಲ್ಲ, ಈ ಫಂಗಸ್ ಮಾತ್ರೆ ಯಾಕೆ?" ಎಂದು ಪ್ರತಿ ಸಲ ಚೌಕಾಸಿಗೆ ಕೂರುತ್ತಿದ್ದರು. ನಾನು ಒಂದೂ ಮಾತ್ರೆ ಬಿಟ್ಟುಕೊಡಲಿಲ್ಲ.